ಹುಳದ ಮನೆಯಲ್ಲಿ ಬೆಳೆದವಳು

ಅಪ್ಪನಿಗೆ ಎಪ್ಪತ್ತು ದಾಟಿದೆ. ಅವ್ವನಿಗೆ ಅರವತ್ತೈದರ ಆಸುಪಾಸು. ಅವಳು ಹುಟ್ಟಿದ ತಾರೀಖನ್ನು ಯಾರೂ ಬರೆದಿಟ್ಟಿಲ್ಲ, ಆಧಾರ್ ಕಾರ್ಡಿನಲ್ಲಿರುವುದು ಅಂದಾಜಿಗೆ ಹಾಕಿಸಿದ ಜನವರಿ 1. ಚನ್ನಪಟ್ಟಣ ತಾಲ್ಲೂಕಿನ ನಮ್ಮೂರಿನಲ್ಲಿ ಇಬ್ಬರೂ ಇವತ್ತಿಗೂ ರೇಷ್ಮೆ ಹುಳ ಮೇಯಿಸುತ್ತಾರೆ. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಇದು ಗೊತ್ತಾದಾಗಲೆಲ್ಲ ಮೊದಲು ಬರುವ ಮಾತು, "ಈ ವಯಸ್ಸಲ್ಲೂ ಅಷ್ಟು ಕೆಲಸಾನಾ? ಕರ್ಕೊಂಡ್ ಬಂದ್ಬಿಡಿ ಇಲ್ಲಿಗೆ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ನಾನು ಅವರನ್ನು ಕರೆದುಕೊಂಡು ಬಂದಿಲ್ಲ, ಸದ್ಯಕ್ಕೆ ಬರುವುದೂ ಇಲ್ಲ. ಯಾಕೆ ಅನ್ನುವುದಕ್ಕೆ ಲಿಫ್ಟಿನಲ್ಲಿ, ಊಟದ ಟೇಬಲ್ಲಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟಿದ್ದೇನೆ. ಪೂರ್ತಿ ಹೇಳಬೇಕೆಂದರೆ ಹುಳದಿಂದಲೇ ಶುರು ಮಾಡಬೇಕು.

ನಮ್ಮ ಕಡೆ "ನೂರು ಮೊಟ್ಟೆ ಮೇಯಿಸ್ತಿದ್ದೀವಿ" ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ ಎಂದರ್ಥ. ಒಂದೊಂದು ಚಿಟ್ಟೆಯದು ನಾನೂರು, ಐನೂರು ಹುಳ. ಅಲ್ಲಿಗೆ ಒಂದು ಬೆಳೆಗೆ ನಲವತ್ತೈವತ್ತು ಸಾವಿರ ಬಾಯಿ. ಮೊಟ್ಟೆ ಒಡೆದ ದಿನ ಅವು ಇರುವೆಗಿಂತ ಸಣ್ಣಗೆ, ಕಪ್ಪಗೆ ಇರುತ್ತವೆ. ಬೆರಳಲ್ಲಿ ಮುಟ್ಟುವಂತಿಲ್ಲ, ಕೋಳಿ ಗರಿಯಿಂದ ಸವರಿ ತಟ್ಟೆಗೆ ಇಳಿಸಬೇಕು. ಅಲ್ಲಿಂದ ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಇಪ್ಪತ್ತೈದು ದಿನ. ಆ ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ. ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಅಂತಲೇ ಅನ್ನುವುದು. ತಲೆ ಎತ್ತಿಕೊಂಡು, ಅಲ್ಲಾಡದೆ, ಒಂದು ದಿನ ಪೂರ್ತಿ ಏನೂ ತಿನ್ನದೆ ಇರುತ್ತವೆ. ಆಗ ಸುಣ್ಣದ ಪುಡಿ ಉದುರಿಸಿ, ಹಾಸು ಒಣಗಲು ಬಿಟ್ಟು, ಗಾಳಿ ಆಡುವಂತೆ ನೋಡಿಕೊಳ್ಳಬೇಕು. ಅರ್ಧ ಹುಳ ಎದ್ದಾಗಲೇ ಅವಸರಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಎದ್ದವು ಮುಂದೆ ಹೋಗಿ, ಮಿಕ್ಕವು ಹಿಂದೆ ಬಿದ್ದು, ಬೆಳೆ ಏರುಪೇರಾಗುತ್ತದೆ. ತಡವಾದರೆ ಹಸಿದು ಸೊರಗುತ್ತವೆ. ಆ ಹೊತ್ತು ಯಾವುದೆಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದವಳು ಅವ್ವ. ಕೈ ತೊಳೆದು ಒಳಗೆ ಹೋಗಿ, ಒಂದೊಂದೇ ತಟ್ಟೆ ಎಳೆದು ನೋಡಿ, "ಇನ್ನೊಂದ್ ಗಂಟೆ ತಡೀರಿ, ಇನ್ನೂ ಎದ್ದಿಲ್ಲ" ಅಂದರೆ ಅಪ್ಪ ಹೊತ್ತು ತಂದ ಸೊಪ್ಪಿನ ಹೊರೆಗೆ ಒದ್ದೆ ಗೋಣಿಚೀಲ ಮುಚ್ಚಿ ಜಗಲಿ ಮೇಲೆ ಕೂರುತ್ತಿದ್ದ. ಆ ಮಾತಿಗೆ ಎದುರು ಮಾತು ಇರಲಿಲ್ಲ.

ನಾವು ಚಿಕ್ಕವರಿದ್ದಾಗ ಹುಳಕ್ಕೆ ಬೇರೆ ಮನೆ ಇರಲಿಲ್ಲ. ನಡುಮನೆ ಪೂರ್ತಿ ಅದರದೇ. ಮಾಡಿನವರೆಗೆ ತಟ್ಟೆ ಜೋಡಿಸಿದ ಸ್ಟ್ಯಾಂಡು, ಇರುವೆ ಹತ್ತದಂತೆ ಅದರ ಒಂದೊಂದು ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲು. ನಾನೂ ತಮ್ಮನೂ ಅಡುಗೆ ಮನೆಯಲ್ಲಿ ಮಲಗುತ್ತಿದ್ದೆವು. ಬೆಳೆ ಮನೆಯಲ್ಲಿದ್ದಷ್ಟು ದಿನ ಊದುಬತ್ತಿ ಇಲ್ಲ, ಸೊಳ್ಳೆ ಬತ್ತಿ ಇಲ್ಲ, ಮುಖಕ್ಕೆ ಪೌಡರ್ ಇಲ್ಲ. ಪಕ್ಕದ ಹೊಲದವರು ಔಷಧಿ ಹೊಡೆಯುತ್ತಾರೆಂದು ಗೊತ್ತಾದರೆ ಅಪ್ಪ ಹೋಗಿ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ, ಕೈಮುಗಿದು ಒಂದೆರಡು ದಿನ ತಡೆಯಿರಿ ಎಂದು ಕೇಳಿಕೊಂಡು ಬರುತ್ತಿದ್ದ. ಮದುವೆ, ತಿಥಿ, ಊರ ಹಬ್ಬ ಯಾವುದಕ್ಕೆ ಕರೆದರೂ "ಹುಳ ಮೂರನೇ ಜ್ವರದಲ್ಲವೆ" ಅಂದರೆ ನೆಂಟರೂ ಒಪ್ಪಿಕೊಳ್ಳುತ್ತಿದ್ದರು, ಅವರ ಮನೆಯಲ್ಲೂ ಅದೇ ಕತೆ. ಅವ್ವ ತನ್ನ ತಮ್ಮನ ಮದುವೆಗೆ ಮೊದಲ ಬಸ್ಸಿಗೆ ಹೋಗಿ, ಧಾರೆ ಆಗುತ್ತಿದ್ದಂತೆ ಊಟಕ್ಕೂ ನಿಲ್ಲದೆ ಹೊರಟು, ಸಂಜೆ ಸೊಪ್ಪಿನ ಹೊತ್ತಿಗೆ ವಾಪಸು ಬಂದಿದ್ದಳು. ಉಟ್ಟ ರೇಷ್ಮೆ ಸೀರೆ ಬಿಚ್ಚಿಟ್ಟು ಹಳೇ ಸೀರೆ ಉಟ್ಟು ಹುಳದ ಹತ್ತಿರ ಹೋದದ್ದು ನನಗೆ ನೆನಪಿದೆ. ಆ ಒಂದೇ ಒಂದು ರೇಷ್ಮೆ ಸೀರೆಯೂ ಅವಳ ತವರಿನವರು ಮದುವೆಗೆ ಕೊಟ್ಟದ್ದು.

ಅಪ್ಪನ ನಿದ್ದೆಯ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನೂರು ಮೊಟ್ಟೆ ಹುಳಕ್ಕೆ ಒಟ್ಟು ಒಂದು ಟನ್ನಿನ ಹತ್ತಿರ ಹತ್ತಿರ ಸೊಪ್ಪು ಬೇಕು. ಅದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಅವು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ. ಆ ವಾರ ರಾತ್ರಿ ಹತ್ತೂವರೆಗೆ ಒಂದು ಸಲ, ನಸುಕಿನ ನಾಲ್ಕೂವರೆಗೆ ಒಂದು ಸಲ ಸೊಪ್ಪು ಬೀಳಲೇಬೇಕು. ಬಿಸಿಲೇರಿದ ಮೇಲೆ ಕೊಯ್ದ ಸೊಪ್ಪು ಬೇಗ ಬಾಡುತ್ತದೆ, ಹಾಗಾಗಿ ಕೊಯ್ಯುವುದು ಬೆಳಗಿನ ತಂಪಿನಲ್ಲಿ ಅಥವಾ ಸಂಜೆ. ನಡುವೆ ಹಿಕ್ಕೆ ತೆಗೆಯುವುದು, ಹಾಸು ಬದಲಿಸುವುದು. ಅಪ್ಪ ಆ ವಾರ ಗೋಡೆಗೆ ಒರಗಿಕೊಂಡೇ ತೂಕಡಿಸುತ್ತಿದ್ದ. ವರ್ಷಕ್ಕೆ ಐದು, ಒಮ್ಮೊಮ್ಮೆ ಆರು ಬೆಳೆ. ನನಗೆ ಬುದ್ಧಿ ಬಂದಾಗಿನಿಂದ ಲೆಕ್ಕ ಹಾಕಿದರೂ ಆ ಮನುಷ್ಯ ಬಿಟ್ಟುಕೊಟ್ಟ ರಾತ್ರಿಗಳು ಎಷ್ಟಾಗಬಹುದು! ಅವನು ಅದನ್ನು ಕಷ್ಟ ಎಂದು ಒಂದು ದಿನವೂ ಹೇಳಿಲ್ಲ. ಕಷ್ಟ ಎಂದು ಅವನು ಹೇಳುವುದು ಊಜಿ ಬಂದ ವರ್ಷವನ್ನು ಮಾತ್ರ.

1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂತು. ಅಪ್ಪನಿಗೆ ಆಗ ಮೀಸೆ ದಟ್ಟವಾದ ವಯಸ್ಸು, ಮದುವೆ ಆಗಿರಲಿಲ್ಲ. ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ಹುಳವನ್ನೇ ತಿಂದು ಬೆಳೆಯುತ್ತದೆ. ಮೈಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಮುಗಿಯಿತು. ಈಗ ಎಲ್ಲ ಹುಳದ ಮನೆಗಳಿಗೂ ನೈಲಾನ್ ಬಲೆ ಇದೆ. ಆಗ ಏನು ಬಂದಿದೆ ಅನ್ನುವುದೇ ಯಾರಿಗೂ ಗೊತ್ತಾಗಲಿಲ್ಲ. ಊರಿಗೆ ಊರೇ ಬೆಳೆ ಕಳೆದುಕೊಂಡಿತು, ಅವನ ಓರಗೆಯ ಹಲವರು ಬೆಂಗಳೂರಿನ ಫ್ಯಾಕ್ಟರಿಗಳಿಗೆ ಹೊರಟುಹೋದರು. ಇವನು ಅಜ್ಜಿಯ ಹಳೇ ಸೀರೆಗಳನ್ನು ಸೇರಿಸಿ ಹೊಲಿದು ಕಿಟಕಿ ಬಾಗಿಲಿಗೆಲ್ಲ ಕಟ್ಟಿ ಇನ್ನೊಂದು ಬೆಳೆ ಇಟ್ಟನಂತೆ. ಈ ಕತೆ ಹೇಳುವಾಗ ಅಪ್ಪನ ದನಿ ಏರುತ್ತದೆ, ಕೈ ಆಡುತ್ತವೆ. ಕಣ್ವ ರೇಷ್ಮೆ ಫಾರಂನಲ್ಲಿ ಕಂಡುಹಿಡಿದ ಕಣ್ವ-2 ಹಿಪ್ಪುನೇರಳೆ ಕಡ್ಡಿ ತಂದು ನೆಟ್ಟದ್ದು, ಆಮೇಲೆ ಅದನ್ನು ಕಿತ್ತು ವಿ-1 ತಳಿ ಹಾಕಿದ್ದು, ಯಾವ ಸೊಪ್ಪು ಯಾವ ತಿಂಗಳಲ್ಲಿ ದಪ್ಪ, ಎಲ್ಲ ಬರುತ್ತದೆ. ತೋಟದ ಚರಿತ್ರೆ ಅವನ ತಲೆಯಲ್ಲಿದೆ, ಇನ್ನೆಲ್ಲೂ ಇಲ್ಲ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಬಿದ್ದುಹೋಯಿತು. ನಾನಾಗ ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುತ್ತಿದ್ದೆ. ಪೇಪರಿನಲ್ಲಿ ರೈತರ ಪ್ರತಿಭಟನೆಯ ಸುದ್ದಿ ಓದಿ ಊರಿಗೆ ಫೋನ್ ಮಾಡಿದರೆ ಅಪ್ಪ, "ಈ ಸಲ ಗೂಡು ಒಸಿ ಹಗುರ ಬಂತು ಕಣವ್ವ, ಮುಂದಿನ ಬೆಳೆಗೆ ಸರಿಹೋಯ್ತದೆ" ಅಂದ. ಫೀಸು ಹೊತ್ತಿಗೆ ಸರಿಯಾಗಿ ಬಂತು. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ದೊಡ್ಡಮ್ಮನ ಬಾಯಿಂದ. ಅಪ್ಪ ಆ ವರ್ಷ ನಾಲ್ಕು ಊರು ಆಚೆ ಒಂದು ತೆಂಗಿನಕಾಯಿ ಮಂಡಿಗೆ ಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದನಂತೆ. ಸ್ವಂತ ತೋಟ ಇಟ್ಟುಕೊಂಡು ಕೂಲಿಗೆ ಹೋದದ್ದು ಅಂದರೆ ನಮ್ಮ ಕಡೆ ಜನ ಆಡಿಕೊಳ್ಳುತ್ತಾರೆ, ಅದಕ್ಕೇ ಅಷ್ಟು ದೂರ. ನೂರು ಕಾಯಿಗೆ ಇಷ್ಟು ಎಂದು ದುಡ್ಡು. ಬೆಳಗಿನ ಸೊಪ್ಪು ಹಾಕಿ ಸೈಕಲ್ ಹತ್ತಿ ಹೋಗಿ, ಸಂಜೆ ಸೊಪ್ಪಿನ ಹೊತ್ತಿಗೆ ವಾಪಸ್ಸು. ನಾನು ಕೇಳಿದ್ದಕ್ಕೆ ಅವನು, "ಈಗ್ಯಾಕವ್ವ ಆ ಮಾತು" ಎಂದು ಎದ್ದು ತೋಟಕ್ಕೆ ಹೋದ. ನಾನೂ ಮತ್ತೆ ಕೇಳಿಲ್ಲ. ಹೇಳಿಕೊಳ್ಳಲು ಇಷ್ಟವಿಲ್ಲದ್ದನ್ನು ಹೇಳದೆ ಉಳಿಸಿಕೊಳ್ಳುವ ಹಕ್ಕು ಅವನಿಗಿದೆ.

ತಂದೆತಾಯಿಯ ಋಣ ತೀರಿಸಬೇಕು ಎನ್ನುತ್ತಾರೆ. ನನಗೆ ಆ ಮಾತು ಒಗ್ಗುವುದಿಲ್ಲ. ಸಾಲವಾದರೆ ಕೊಟ್ಟವರು ಲೆಕ್ಕ ಇಟ್ಟಿರಬೇಕು. ಇವರು ಇಟ್ಟಿಲ್ಲ. ಇಟ್ಟಿದ್ದರೆ ಮಂಡಿಗೆ ಹೋದ ದಿನಗಳನ್ನು ಅಪ್ಪ ಮುಚ್ಚಿಡುತ್ತಿರಲಿಲ್ಲ. ನನಗೆ ಅವರಿಂದ ಬಂದದ್ದು ದುಡ್ಡಿಗಿಂತ ಬೇರೆ ತರಹದ್ದು, ಹೊತ್ತು ತಪ್ಪದೆ ನೋಡಿಕೊಳ್ಳುವ ಒಂದು ರೀತಿ. ಅದನ್ನು ಕೊಡುವುದಕ್ಕೆ ಕಣ್ಣು ಬೇಕು, ಅಷ್ಟೇ.

ಅವ್ವನ ಕಣ್ಣಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾಲ್ಕನೇ ಜ್ವರ ಎದ್ದು ಏಳೆಂಟು ದಿನಕ್ಕೆ ಹುಳ ಹಣ್ಣಾಗುತ್ತದೆ. ಸೊಪ್ಪು ಬಿಡುತ್ತದೆ, ಮೈ ತುಸು ಗಿಡ್ಡವಾಗಿ ಮೆತ್ತಗಾಗುತ್ತದೆ, ಬಿಳಿ ಚರ್ಮ ಬೆಳಕು ಹಾಯುವಂತಾಗಿ ಹಳದಿಗೆ ತಿರುಗುತ್ತದೆ. ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ನೂಲು ಅಂಟಿಸಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆಯ್ದು, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಇನ್ನೂ ಹಣ್ಣಾಗದ್ದನ್ನು ಎತ್ತಿ ಹಾಕಿದರೆ ಚಂದ್ರಿಕೆ ತುಂಬ ಅಲೆದಾಡಿ, ಉಚ್ಚೆ ಹೊಯ್ದು, ಪಕ್ಕದ ಗೂಡುಗಳಿಗೂ ಕಲೆ ಮಾಡುತ್ತದೆ. ನಮ್ಮ ಮನೆಯಲ್ಲಿ ಹುಳ ಹಣ್ಣಾದ ದಿನ ಅಕ್ಕಪಕ್ಕದವರೆಲ್ಲ ಮುಯ್ಯಾಳಾಗಿ ಬರುತ್ತಿದ್ದರು. ಮಕ್ಕಳೂ ಆಯಲು ಕೂರಬೇಕು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆ ಗಡಿಬಿಡಿಯಲ್ಲಿ ಅವ್ವ ನನ್ನ ಕಡೆ ನೋಡಿ ಕೈ ನಿಲ್ಲಿಸಿದಳು. "ಈ ಮಗೀಗೆ ಕಣ್ ಸರಿಯಾಗಿ ಕಾಣ್ತಿಲ್ಲ" ಅಂದಳು. ನಾನು ತಟ್ಟೆಗೆ ಮೂಗು ತಾಗುವಷ್ಟು ಬಗ್ಗಿಕೊಂಡಿದ್ದೆನಂತೆ. ಸ್ಕೂಲಿನಲ್ಲಿ ಬೋರ್ಡು ಕಾಣುವುದಿಲ್ಲ ಅನ್ನುವುದು ನನಗೇ ಗೊತ್ತಿರಲಿಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದೆ. ಮೇಷ್ಟರಿಗೂ ಗೊತ್ತಾಗಿರಲಿಲ್ಲ. ಗೂಡು ಮಾರಿದ ದುಡ್ಡು ಕೈಗೆ ಬಂದ ಮಾರನೇ ದಿನವೇ ಅವಳು ನನ್ನನ್ನು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದಳು. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನನ್ನ ಓದನ್ನು ಉಳಿಸಿದ್ದು ಹೀಗೆ.

ಕೆಲವು ವರ್ಷದ ಹಿಂದೆ, ರಜೆ ಹಾಕಿ ಹಣ್ಣು ಹುಳ ಆಯಲು ಹೋಗಿದ್ದಾಗ, ಅವ್ವ ಆಯುವ ರೀತಿ ಬದಲಾಗಿತ್ತು. ಮೊದಲೆಲ್ಲ ಅವಳ ಕಣ್ಣು ಓಡಿದ ಕಡೆ ಕೈ ಓಡುತ್ತಿತ್ತು. ಈಗ ಕೈ ಮುಂದೆ. ಪ್ರತಿ ಹುಳವನ್ನೂ ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಹಿಡಿದು ನೋಡುತ್ತಿದ್ದಳು. ಮೆತ್ತಗಿದ್ದರೆ ಎತ್ತುವುದು, ಬಿಗಿಯಾಗಿದ್ದರೆ ಬಿಡುವುದು. ಅವಳು ಎತ್ತಿದ್ದರಲ್ಲಿ ಹಸಿ ಹುಳ ಒಂದೂ ಇರಲಿಲ್ಲ, ನಾನು ನೋಡುತ್ತಲೇ ಇದ್ದೆ. ಹತ್ತಿರ ಸರಿದು, "ಅವ್ವ, ಹಳದಿ ಆಗಿರೋದು ಕಾಣ್ತದಾ?" ಅಂದೆ. "ನಂಗೆ ಎಲ್ಲಾ ಹಳದಿನೇ ಕಾಣ್ತವೆ ಕಣ್ ಮಗ" ಅಂದಳು, ತಲೆ ಎತ್ತದೆ.

ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಮಸುಕಾಗಿ, ಹಳದಿ ಹೊಡೆದಂತೆ ಕಾಣುತ್ತದೆ ಎಂದು ಆಮೇಲೆ ಡಾಕ್ಟರು ವಿವರಿಸಿದರು. ಎಷ್ಟು ಬೆಳೆಗಳನ್ನು ಅವಳು ಹಾಗೆ ಬೆರಳಿನಿಂದಲೇ ತೂಗಿಸಿದ್ದಳೋ. ಆಪರೇಷನ್ನಿಗೆ ಬೆಂಗಳೂರಿಗೆ ಕರೆತಂದೆ. ಮೊದಲು ಒಂದು ಕಣ್ಣು, ಸ್ವಲ್ಪ ದಿನ ಬಿಟ್ಟು ಇನ್ನೊಂದು. ಧೂಳು ತಾಗಬಾರದು, ಬಗ್ಗಿ ಭಾರ ಎತ್ತಬಾರದು ಅಂದರು. ಹುಳದ ಮನೆ ಅಂದರೆ ಸುಣ್ಣದ ಪುಡಿ, ಸೊಪ್ಪಿನ ಹೊರೆ ಎರಡೂ. ಹಾಗಾಗಿ ಅವರ ಸಂಸಾರದಲ್ಲೇ ಮೊದಲ ಸಲ ಒಂದು ಬೆಳೆ ಬಿಟ್ಟು ಇಬ್ಬರೂ ನನ್ನ ಮನೆಯಲ್ಲಿ ಉಳಿದರು. ಕಣ್ಣಿಗೆ ಹನಿ ಹಾಕುವ ಕೆಲಸವನ್ನು ಅಪ್ಪ ತನ್ನ ಪಾಲಿಗೆ ಇಟ್ಟುಕೊಂಡ. ಕಿವಿ ಮಂದವಾಗಿರುವುದರಿಂದ ಅಲಾರಂ ಅವನಿಗೆ ಕೇಳಿಸುವುದಿಲ್ಲ, ಬೇಕಾಗಲೂ ಇಲ್ಲ. ಸೊಪ್ಪು ಹಾಕುವ ಹೊತ್ತಿಗೆ ಎಚ್ಚರವಾಗುವ ಮೈ ಅದು, ಹನಿಯ ಹೊತ್ತಿಗೆ ಸರಿಯಾಗಿ ಬಾಟಲಿ ಹಿಡಿದು ನಿಂತಿರುತ್ತಿದ್ದ. ಅವ್ವ ತಲೆ ಹಿಂದಕ್ಕೆ ಚಾಚಿದರೆ, ಸೊಪ್ಪು ಕೊಯ್ದು ಕೊಯ್ದು ಜಡ್ಡುಗಟ್ಟಿದ ಆ ಬೆರಳುಗಳು ಅವಳ ರೆಪ್ಪೆಯನ್ನು ಎಷ್ಟು ಹಗುರವಾಗಿ ಬಿಡಿಸುತ್ತಿದ್ದವೆಂದರೆ ನಾನು ಅಡುಗೆ ಮನೆಯಿಂದ ಅದನ್ನು ನೋಡಲೆಂದೇ ಬರುತ್ತಿದ್ದೆ. ಅವರಿಬ್ಬರೂ ಮಕ್ಕಳೆದುರು ಒಬ್ಬರ ಕೈ ಒಬ್ಬರು ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಅವ್ವ ಮೊದಲು ಹೇಳಿದ್ದು, "ನಿನ್ ಕೂದ್ಲು ನೆರೀತಾ ಅದಲ್ಲ ಮಗ." ಊರಿಗೆ ಹೋಗಿ ಮುಂದಿನ ಬೆಳೆ ಇಟ್ಟಾಗ ತಟ್ಟೆ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. ಅಪ್ಪ ಫೋನಿನಲ್ಲಿ ಹೇಳಿದ, "ಹುಳ ಇಷ್ಟ್ ಬೆಳ್ಳಗಿದ್ವಾ ಅಂತಾಳೆ ನಿಮ್ಮವ್ವ."

ಅವರು ಬೆಂಗಳೂರಿನಲ್ಲಿದ್ದ ಆ ದಿನಗಳೇ ನನ್ನ ತೀರ್ಮಾನಕ್ಕೆ ಕಾರಣ. ಬೇಜಾರು ಮಾಡಿಕೊಂಡರು, ಅತ್ತರು ಅಂತೇನಲ್ಲ. ಚೆನ್ನಾಗಿಯೇ ಇದ್ದರು. ಅಪ್ಪ ಕೆಳಗಿನ ಸೆಕ್ಯೂರಿಟಿಯವರ ಜೊತೆ ಸ್ನೇಹ ಮಾಡಿಕೊಂಡ, ಅವ್ವ ಪಕ್ಕದ ಮನೆಯವರಿಗೆ ಉಪ್ಸಾರು ಮಾಡುವುದು ಹೇಳಿಕೊಟ್ಟಳು. ಆದರೆ ಅಲ್ಲಿ ಅವರನ್ನು ಯಾರೂ ಏನನ್ನೂ ಕೇಳುವವರಿರಲಿಲ್ಲ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅನ್ನುವುದು ಕೇಳುವುದಲ್ಲ. ಊರಿನಲ್ಲಾದರೆ ಹೊತ್ತು ಮುಳುಗುವ ಮುಂಚೆ ಯಾವನೋ ಹುಡುಗ ಬೈಕು ನಿಲ್ಲಿಸಿ, "ಚಿಕ್ಕವ್ವ, ಹುಳ ಯಾಕೋ ಸೊಪ್ ಮುಟ್ತಿಲ್ಲ, ಒಸಿ ಬಂದು ನೋಡಿ" ಅನ್ನುತ್ತಾನೆ. ಅವ್ವ ಹೋಗಿ ನೋಡಿ, ಇದು ಹಾಲು ತೊಂಡೆಯೋ ಸಪ್ಪೆ ರೋಗವೋ, ಹಾಸು ಒದ್ದೆಯಾಗಿದ್ದಕ್ಕೋ ಎಂದು ಹೇಳಿ, ಯಾವ ಹುಳ ತೆಗೆದು ಹೂಳಬೇಕು ಎಂದು ತೋರಿಸಿ ಬರುತ್ತಾಳೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳ ಗಟ್ಟಿಯಿದೆಯೋ ಕರಗಿದೆಯೋ ಹೇಳುವುದನ್ನು ನನಗೆ ಕಲಿಸಿದ್ದು ಅಪ್ಪ. ಅವನಿಗೆ ಈಗ ಆ ಸದ್ದು ಕೇಳುವುದಿಲ್ಲ, ಆದರೂ ಬೆರಳಲ್ಲಿ ಒತ್ತಿ ನೋಡಿ ಹೇಳುವ ಮಾತಿಗೆ ಹೊಸ ಹುಡುಗರು ಇವತ್ತೂ ಕಾಯುತ್ತಾರೆ. ಇಷ್ಟು ವರ್ಷ ಕೂಡಿಟ್ಟ ಈ ತಿಳಿವಳಿಕೆಯನ್ನು ಊರಲ್ಲೇ ಬಿಟ್ಟು ಬನ್ನಿ, ನಮ್ಮ ಮನೆಯಲ್ಲಿ ಟಿವಿ ನೋಡಿಕೊಂಡು ಸುಖವಾಗಿರಿ ಎಂದು ನಾನು ಹೇಗೆ ಹೇಳಲಿ?

ಹಾಗಂತ ಅವರ ಮೈ ಸವೆಯುವುದನ್ನು ದೂರದಿಂದ ನೋಡುತ್ತಾ ಕೂರುವುದು ಪ್ರೀತಿಯಲ್ಲ. ಅವರ ಕೆಲಸ ಕಿತ್ತುಕೊಳ್ಳದೆ ಅದರ ಭಾರ ಇಳಿಸಬೇಕು, ನನ್ನ ಕೈಲಾಗುವುದು ಅದೇ. ತಮ್ಮ ಹೊಸೂರಿನಲ್ಲಿ ಕೆಲಸದಲ್ಲಿದ್ದಾನೆ, ಅವನೂ ನಾನೂ ಸೇರಿ ತೋಟದ ಪಕ್ಕದಲ್ಲಿ ಹುಳದ ಮನೆ ಬೇರೆ ಕಟ್ಟಿಸಿದೆವು. ತಟ್ಟೆಗಳ ಕಾಲ ಮುಗಿಯಿತು. ಈಗ ಸೊಂಟದ ಎತ್ತರಕ್ಕೆ ಸ್ಟ್ಯಾಂಡು, ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ. ಹೆಚ್ಚುವುದಿಲ್ಲ, ಬಿಡಿಸುವುದಿಲ್ಲ, ಹೊತ್ತು ಹೊತ್ತಿಗೆ ಹಿಕ್ಕೆ ತೆಗೆಯುವುದಿಲ್ಲ. ಸೊಪ್ಪು ದಿನಕ್ಕೆ ಮೂರು ಸಲ ಹಾಕಿದರೆ ನಡೆಯುತ್ತದೆ, ರಾತ್ರಿ ಏಳಬೇಕಾಗಿಲ್ಲ. ಮರಿ ಹುಳವನ್ನು, ಮೊಟ್ಟೆ ಒಡೆಸಿ ಮರಿ ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಮೇಲೆ ತರುತ್ತೇವೆ. ಮೊದಲ ವಾರದ ಆ ನಾಜೂಕು ಕೆಲಸ ಅಲ್ಲಿಗೆ ತಪ್ಪಿತು. ಅವ್ವನಿಗೆ ಇದು ಅಷ್ಟು ಹಿಡಿಸಿಲ್ಲ, "ಬೇರೆಯವ್ರ ಕೈಲಿ ಬೆಳೆದ ಮರಿ" ಅನ್ನುತ್ತಾಳೆ, ಆದರೆ ಮಂಡಿ ನೋವು ಕಡಿಮೆಯಾಗಿದೆ ಎಂದೂ ಒಪ್ಪುತ್ತಾಳೆ. ಸೊಪ್ಪು ಕೊಯ್ಯಲು ಆಳು. ಹಣ್ಣು ಹುಳದ ಹೊತ್ತಿಗೆ ನಾನು ರಜೆ ಹಾಕುತ್ತೇನೆ, ಗೂಡು ಬಿಡಿಸುವ ಹೊತ್ತಿಗೆ ತಮ್ಮ ಬರುತ್ತಾನೆ. ಎಲ್ಲ ಮನೆಗೂ ಹೀಗೆ ಸಾಧ್ಯವಾಗುವುದಿಲ್ಲ, ಗೊತ್ತಿದೆ. ಚನ್ನಪಟ್ಟಣ ಹತ್ತಿರ, ರೈಲು ಹತ್ತಿದರೆ ಊರು ಸಿಗುತ್ತದೆ. ಮಕ್ಕಳು ದೇಶ ಬಿಟ್ಟು ದೂರ ಹೋದವರ ಮನೆಯ ಮಾತೇ ಬೇರೆ, ಹಾಸಿಗೆ ಹಿಡಿದವರ ಮಾತು ಇನ್ನೂ ಬೇರೆ. ನಾಳೆ ಇವರಿಗೂ ಕೈಲಾಗದ ದಿನ ಬಂದರೆ ನನ್ನ ಮನೆಯ ಗಾಳಿ ಬೆಳಕಿರುವ ರೂಮು ಅವರದೇ.

ದುಡ್ಡಿನ ಲೆಕ್ಕ ಹಾಕಿದರೆ ಕೂಲಿ, ಗೊಬ್ಬರ, ಮರಿಯ ದುಡ್ಡು ಎಲ್ಲ ಕಳೆದು ಉಳಿಯುವುದು ದೊಡ್ಡದೇನಲ್ಲ. ಆದರೂ ಗೂಡು ಮಾರಿ ಬಂದ ದಿನ ಅಪ್ಪ ಫೋನ್ ಮಾಡಿ ಕೇಜಿಗೆ ಎಷ್ಟಕ್ಕೆ ಹೋಯಿತು ಎಂದು ಹೇಳುವ ದನಿ ಇದೆಯಲ್ಲ, ಅದಕ್ಕಾಗಿ ನಾನು ಆ ದಿನ ಮೀಟಿಂಗಿನಲ್ಲಿದ್ದರೂ ಎದ್ದು ಹೊರಗೆ ಬರುತ್ತೇನೆ. ಗೂಡಿನ ದುಡ್ಡಲ್ಲಿ ಅವ್ವ ಈಗಲೂ ನನಗೆ ಏನಾದರೂ ಕೊಡುತ್ತಾಳೆ. ಹೋದ ಸಲ ಕನ್ನಡಕದ ಹೊಸ ಫ್ರೇಮಿಗೆ. ಬೇಡ ಅನ್ನುವುದಿಲ್ಲ ನಾನು, ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತೇನೆ. ಕೊಡುವ ಕೈ ಅವರದಾಗಿಯೇ ಇರಲಿ ಎಂಬುದು ನನ್ನ ಆಸೆ.

ಮುಂದಿನ ಬೆಳೆಯ ಮಾತು ಈಗ ಮನೆಯಲ್ಲಿ ನಡೆಯುತ್ತಿದೆ. ತೋಟದಲ್ಲಿ ಸೊಪ್ಪು ಚೆನ್ನಾಗಿ ಬಂದಿದೆ, ಮಳೆಯೂ ಹದವಾಗಿ ಆಗಿದೆ. ಐವತ್ತು ಮೊಟ್ಟೆ ಸಾಕು ಅನ್ನುವುದು ಅಪ್ಪ. ಇಷ್ಟು ಸೊಪ್ಪು ಇಟ್ಟುಕೊಂಡು ಐವತ್ತು ಮೇಯಿಸಿದರೆ ಊರವರು ನಗುತ್ತಾರೆ, ಎಪ್ಪತ್ತೈದು ತನ್ನಿ ಅನ್ನುವುದು ಅವ್ವ. ನಾನು ಅಪ್ಪನ ಕಡೆ. ಹಾಗಂದಿದ್ದಕ್ಕೆ ಅವ್ವ ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟಳು. "ಏನಂತೆ ಅವ್ವ?" ಎಂದು ಕೇಳಿದೆ. ಅಪ್ಪನಿಗೆ ನನ್ನ ಮಾತು ಕೇಳಿಸಲಿಲ್ಲ, ಅವನು ಆಗಲೇ ಚಾಕಿ ಕೇಂದ್ರದವರಿಗೆ ಎಪ್ಪತ್ತೈದು ಎಂದು ಹೇಳಿ ಆಗಿದೆ, ರಜೆ ಎರಡು ದಿನ ಮುಂಚೆಯೇ ಹಾಕು ಅಂದ.